ಜೂನ್ ಒಂದರ ಮಕ್ಕಳು

ಕಾತ್ಯಾಯಿನಿಯವರು ನಿವೃತ್ತರಾದ ಮೇಲೆ ತ್ಯಾಗರಾಜನಗರದ ಅವರ ಮನೆಗೆ ಹಣ್ಣಿನ ಬುಟ್ಟಿ ಹಿಡಿದುಕೊಂಡು ಬಂದವರೆಲ್ಲ ಒಂದೇ ಕೆಲಸಕ್ಕೆ ಬಂದವರು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಗನದೋ ಮಗಳದೋ ಹುಟ್ಟಿದ ತಾರೀಖು ಬದಲಾಗಬೇಕು, ಅದಕ್ಕೆ ಹಳೆಯ ಹೆಡ್‌ಮೇಡಂ ಒಂದು ಕಾಗದ ಬರೆದುಕೊಡಬೇಕು. ಒಬ್ಬನಿಗೆ ಪೊಲೀಸ್ ಕೆಲಸಕ್ಕೆ ವಯಸ್ಸು ಮೀರಿರುತ್ತದೆ, ಇನ್ನೊಬ್ಬಳಿಗೆ ಗಂಡಿನ ಕಡೆಯವರ ಮುಂದೆ ಹೇಳಿದ ವಯಸ್ಸೇ ಬೇರೆ ಇರುತ್ತದೆ. ಬುಟ್ಟಿಯ ಸೇಬು ಕಂಡರೆ ಸಾಕು, ಕಾತ್ಯಾಯಿನಿಯವರಿಗೆ ಹೇಸಿಗೆಯಾಗುತ್ತಿತ್ತು. ಒಂಬತ್ತು ವರ್ಷದಲ್ಲಿ ಅವರು ಯಾರಿಗೂ ಒಂದಕ್ಷರ ಬರೆದುಕೊಟ್ಟಿರಲಿಲ್ಲ. ಈ ವಿಷಯದಲ್ಲಿ ಅವರಿಗೆ ಒಳ್ಳೆಯ ಹೆಸರಿತ್ತು, ಆ ಹೆಸರು ಅವರಿಗೂ ಬಹಳ ಇಷ್ಟವಾಗಿತ್ತು.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಚಿಕ್ಕಬೈರಪ್ಪ ಬಂದರು. ಜೆ.ಪಿ. ನಗರ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ ಅವರದು. ಈಗ ರಾಗಿಯ ಜಾಗದಲ್ಲಿ ಮೂರು ಪಿ.ಜಿ. ಕಟ್ಟಡಗಳು ನಿಂತಿವೆ, ನಾಲ್ಕನೆಯದು ಬಿಟಿಎಂ ಲೇಔಟಿನಲ್ಲಿ ಏಳುತ್ತಿದೆ. ಪಕ್ಕದ ಮನೆಯ ಗೇಟಿಗೆ ಅಡ್ಡವಾಗಿ ಬಿಳಿ ಕಾರು ನಿಲ್ಲಿಸಿ, ಡ್ರೈವರ್ ಕೈಯಲ್ಲಿ ಬುಟ್ಟಿ ಹೊರಿಸಿಕೊಂಡು, ಕರೆಯುವುದಕ್ಕೆ ಮೊದಲೇ ಹಜಾರದ ಸೋಫಾದಲ್ಲಿ ಕುಳಿತರು. ದಾಳಿಂಬೆಗಳ ಸಂದಿಯಲ್ಲಿ ಒಂದು ಬೆಳ್ಳಿ ತಟ್ಟೆಯ ಅಂಚು ಹೊಳೆಯುತ್ತಿತ್ತು.

"ಏನಿಲ್ಲ ಮೇಡಂ. ನನ್ ಮೊಮ್ಮಗಳು ಹೇಮಶ್ರೀ, ನಿಮ್ ಸ್ಕೂಲಲ್ಲೇ ಓದಿದ್ದು. ಈಗ ಡಿಗ್ರಿ ಮಾಡ್ತಾವ್ಳೆ. ಹರ್ಡಲ್ಸ್ ಓಡ್ತಾಳೆ, ನಾನೂರು ಮೀಟ್ರು, ಹತ್ತು ಬೇಲಿ ಹಾರ್ಕೊಂಡು. ವರ್ಲ್ಡ್ ಜೂನಿಯರ್‌ಗೆ ಎಷ್ಟು ಟೈಮ್ ಬೇಕೋ ಅಷ್ಟು ಹೊಡ್ದವ್ಳೆ. ಆಗಸ್ಟಲ್ಲಿ ಫಾರಿನ್ನಲ್ಲಿ."

"ಸಂತೋಷ," ಎಂದರು ಕಾತ್ಯಾಯಿನಿ. ಮುಂದಿನದು ಏನೆಂದು ಅವರಿಗೆ ಗೊತ್ತಿತ್ತು.

"ಸಂತೋಷ ಎಲ್ ಬಂತು. ಈ ಡಿಸೆಂಬರ್ ಒಳಗೆ ಇಪ್ಪತ್ತು ತುಂಬ್ಬಾರ್ದಂತೆ. ಅಂದ್ರೆ ಎರಡ್ ಸಾವಿರದ ಏಳರಿಂದ ಈಚೆಗೆ ಹುಟ್ಟಿರ್ಬೇಕು. ಇವಳ್ದು ಎರಡ್ ಸಾವಿರದ ಆರು, ಜೂನ್ ಒಂದು. ಏಳೇ ತಿಂಗಳು ಮೇಡಂ. ನೀವು ಮನಸ್ ಮಾಡಿದ್ರೆ ಏಳ್ ತಿಂಗಳು ಏನ್ ಮಹಾ."

ಕಾತ್ಯಾಯಿನಿಯವರು ಮುಖಕ್ಕೆ ಮಂಗಳಾರತಿ ಮಾಡಿದರು. ಮೂವತ್ತೆರಡು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಹೇಳಿಕೊಟ್ಟ ಬಾಯಿ ಇದು ಎಂದರು. ಓಟದ ಮೈದಾನದಲ್ಲೂ ಕಳ್ಳತನ ಮಾಡುವ ಬುದ್ಧಿ ಆ ಹುಡುಗಿಗೆ ಕಲಿಸುತ್ತಿದ್ದೀರಲ್ಲ, ನಾಚಿಕೆಯಾಗುವುದಿಲ್ಲವೇ ಎಂದು ಕೇಳಿದರು.

ಚಿಕ್ಕಬೈರಪ್ಪ ಕಿವಿಯ ಹಿಂದೆ ಕೆರೆದುಕೊಂಡರು. ಬೈಸಿಕೊಳ್ಳುವುದೂ ಕೆಲಸದ ಒಂದು ಭಾಗ ಎಂದು ತಿಳಿದ ಮನುಷ್ಯ. "ಎಲ್ರೂ ಮಾಡ್ತಾರೆ ಮೇಡಂ. ಅಲ್ ಬಂದು ಓಡೋರಲ್ಲಿ ಮದ್ವೆ ಆಗಿ ಮಗು ಇರೋರೂ ಅವ್ರೆ. ನಮ್ ಹುಡುಗಿ ಒಬ್ಳು ಹರಿಶ್ಚಂದ್ರ ಆಗಿ ಏನ್ ಮಾಡ್ಬೇಕು," ಎಂದು ಎದ್ದರು. ಬುಟ್ಟಿಯನ್ನು ಬೇಕೆಂದೇ ಬಿಟ್ಟು ಹೋದರು. ಕಾತ್ಯಾಯಿನಿಯವರ ಗಂಡ ಬದರಿನಾಥ, ಬ್ಯಾಂಕಿನಿಂದ ನಿವೃತ್ತರಾದವರು, ಅದನ್ನು ಎತ್ತಿಕೊಂಡು ಕಾರಿನ ಹಿಂದೆ ಅರ್ಧ ರಸ್ತೆ ಓಡಿ, ನಿಲ್ಲಿಸಿ, ಡಿಕ್ಕಿಯಲ್ಲಿಟ್ಟು ಏದುಸಿರು ಬಿಡುತ್ತ ವಾಪಸ್ ಬಂದರು.

ಆ ದಿನವಿಡೀ ಕಾತ್ಯಾಯಿನಿಯವರಿಗೆ ತಮ್ಮ ಮೇಲೆ ಒಂದು ಬಗೆಯ ಮೆಚ್ಚುಗೆ ಇತ್ತು. ಸಂಜೆ ಕಾಫಿ ಲೋಟ ತೊಳೆಯುವಾಗ ಮಾತ್ರ ಆ ತಾರೀಖು ಮನಸ್ಸಿನಲ್ಲಿ ಚುಚ್ಚತೊಡಗಿತು. ಜೂನ್ ಒಂದು.

ಆ ತಾರೀಖನ್ನು ಇಡುತ್ತಿದ್ದವರೇ ಅವರು. ಒಂದನೇ ತರಗತಿಗೆ ಸೇರಲು ಮಗುವಿಗೆ ಐದು ವರ್ಷ ಹತ್ತು ತಿಂಗಳು ತುಂಬಿರಬೇಕಿತ್ತು. ಕಾಗದ ಪತ್ರ ಇಲ್ಲದೆ ಬಂದ ಮಗು ಚೂರು ಚಿಕ್ಕದಿದ್ದರೆ ಹೆಡ್‌ಮೇಡಂ ಹಿಂದಕ್ಕೆ ಲೆಕ್ಕ ಹಾಕಿ ಜೂನ್ ಒಂದು ಎಂದು ಬರೆದುಕೊಳ್ಳುವರು, ಮನೆಯವರು ಒಂದು ಅಫಿಡವಿಟ್ ತಂದುಕೊಡುವರು, ಮುಗಿಯಿತು. ಅವರಿಗಿಂತ ಹಿಂದಿನವರೂ ಹಾಗೇ ಮಾಡಿದ್ದರು. ಅದಕ್ಕೆ ಸುಳ್ಳು ಎಂಬ ಹೆಸರು ಯಾರೂ ಇಟ್ಟಿರಲಿಲ್ಲ. ಆಧಾರ್, ಪಾಸ್‌ಪೋರ್ಟ್ ಎಲ್ಲ ಆಮೇಲೆ ಆ ಸಾಲಿನ ಮೇಲೆಯೇ ಬೆಳೆಯುತ್ತಿದ್ದವು.

ಹೇಮಶ್ರೀಯನ್ನು ಶಾಲೆಗೆ ಕರೆತಂದವಳು ಅವಳ ಅಜ್ಜಿ, ಚಿಕ್ಕಬೈರಪ್ಪನವರ ಹೆಂಡತಿ ಸೊಣ್ಣಮ್ಮ. ಮಗುವಿಗೆ ಎರಡು ವರ್ಷವಿದ್ದಾಗಲೇ ತಾಯಿ ತೀರಿಕೊಂಡಿದ್ದಳು, ಅಪ್ಪ ಇನ್ನೊಂದು ಮದುವೆಯಾಗಿ ಬೊಮ್ಮನಹಳ್ಳಿ ಕಡೆ ಸಂಸಾರ ಹೂಡಿದ್ದ. ಹುಟ್ಟಿದ್ದು ಯಾವಾಗ ಎಂದು ಕೇಳಿದ್ದಕ್ಕೆ ಸೊಣ್ಣಮ್ಮ ಶಾಲೆಯ ಜಗುಲಿಯಲ್ಲಿ ಕುಳಿತು ಸವಿಸ್ತಾರವಾಗಿ ಹೇಳಿದ್ದಳು. "ಹೊಸತೊಡಕಿನ ದಿವ್ಸ ಮೇಡಂ, ಯುಗಾದಿ ಮಾರನೆ ದಿನ. ಒಲೆ ಮೇಲೆ ಮಟನ್ ಸಾರು ಕುದೀತಾ ಇತ್ತು. ಸೊಸೆಗೆ ನೋವು ಬಂತು, ಆಸ್ಪತ್ರೆಗೆ ಹೋಗಾಕೂ ಟೇಮಿಲ್ಲ. ಗಂಡಸ್ರೆಲ್ಲ ತೋಪಲ್ಲಿ ಇಸ್ಪೀಟ್ ಎಲೆ ಆಡ್ತಾ ಕೂತವ್ರೆ. ಸಾರು ಸೀದೋಯ್ತು, ಕೂಸು ಹುಟ್ತು. ಈ ಹೊಸತೊಡಕಿಗೆ ಐದು ತುಂಬ್ತು ನೋಡಿ."

ಕುದಿಯುವ ಮಟನ್ನಿನ ಮಾತು ಕೇಳಿ ಕಾತ್ಯಾಯಿನಿಯವರು ಅಂದು ಮೂಗು ಮುರಿದಿದ್ದರು. ಹೆರಿಗೆಯ ಕೋಣೆಯನ್ನೂ ಸೀದ ಮಾಂಸವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾಳಲ್ಲ ಎಂದು ಒಳಗೇ ಅಸಹ್ಯಪಟ್ಟಿದ್ದರು. ಆ ಅಸಹ್ಯದಿಂದಲೇ ಆ ಮಾತು ಹದಿನಾಲ್ಕು ವರ್ಷ ಮಾಸದೆ ಉಳಿದಿತ್ತು. 2012ರ ಹೊಸತೊಡಕಿಗೆ ಐದು. ಅಂದರೆ ಹುಡುಗಿ ಹುಟ್ಟಿದ್ದು 2007ರ ಮಾರ್ಚ್‌ನಲ್ಲಿ. ಅವಳು ಜೂನಿಯರ್ರೇ. ಹಣ್ಣಿನ ಬುಟ್ಟಿ ಹಿಡಿದು ಬಂದವರು ಕೇಳಿದ ಸುಳ್ಳು, ಅವರಿಗೇ ಗೊತ್ತಿಲ್ಲದಂತೆ, ನಿಜವಾಗಿತ್ತು. ಪುಸ್ತಕದಲ್ಲಿದ್ದ ಸುಳ್ಳು ಕಾತ್ಯಾಯಿನಿಯವರದು.

ಮಗುವಿನ ಮೇಲಿನ ಕರುಣೆಯಿಂದ ಹಾಗೆ ಮಾಡಿದೆ ಎಂದು ಹೇಳಿಕೊಳ್ಳಲು ಅವರು ಪ್ರಯತ್ನಿಸಿದರು, ಆಗಲಿಲ್ಲ. ಆ ವರ್ಷ ಒಂದನೇ ತರಗತಿಗೆ ಇಪ್ಪತ್ತನಾಲ್ಕು ಮಕ್ಕಳಿದ್ದವು. ಇಪ್ಪತ್ತೈದಾಗದಿದ್ದರೆ ಒಂದು ಟೀಚರ್ ಹುದ್ದೆ ಹೋಗುತ್ತಿತ್ತು. ಹೇಮಶ್ರೀ ಇಪ್ಪತ್ತೈದನೆಯವಳು. ಹೇಸಿಗೆಯಾದದ್ದು ಈ ಸಲ ಯಾರ ಹಣ್ಣಿನಿಂದಲೂ ಅಲ್ಲ.

ಮಾರನೆಯ ದಿನ ಬೆಳಿಗ್ಗೆ ಅವರು ಹುಡುಗಿಯನ್ನು ಹುಡುಕಿಕೊಂಡು ಹೋದರು. ಜೆ.ಪಿ. ನಗರದ ಒಂದು ಮಣ್ಣಿನ ಮೈದಾನ. ಹಿಂದಿನ ರಾತ್ರಿ ಯಾರದೋ ಹುಟ್ಟುಹಬ್ಬದ ಸಭೆ ನಡೆದಿತ್ತೇನೋ, ಓಟದ ಗೆರೆಗಳ ಮೇಲೆ ಬಿರಿಯಾನಿ ತಟ್ಟೆಗಳು, ಮೂಳೆ ಹುಡುಕುವ ನಾಯಿಗಳು. ವಾಕಿಂಗಿಗೆ ಬಂದ ಗಂಡಸರು ಅಡ್ಡಡ್ಡ ನಡೆಯುತ್ತ, ಕ್ಯಾಕರಿಸಿ ಅಲ್ಲೇ ಉಗಿಯುತ್ತ, ದೇಶದ ಶುಚಿತ್ವದ ಬಗ್ಗೆ ಚರ್ಚಿಸುತ್ತಿದ್ದರು. ಹೇಮಶ್ರೀ ಮೂಲೆಯಿಂದ ಒಂದೊಂದೇ ಹರ್ಡಲ್ ಎಳೆದು ತಂದು ಸಾಲಾಗಿ ನಿಲ್ಲಿಸಿ, ತಟ್ಟೆಗಳನ್ನು ಕಾಲಿನಿಂದ ಸರಿಸಿ ಓಡಿದಳು. ಕಾತ್ಯಾಯಿನಿಯವರಿಗೆ ಆಟೋಟ ತಿಳಿಯದು. ಆದರೂ ಆ ಹುಡುಗಿ ಬೇಲಿಗಳ ಮುಂದೆ ಒಮ್ಮೆಯೂ ಹೆಜ್ಜೆ ತಡವರಿಸಲಿಲ್ಲ ಎಂಬುದು ಅವರಿಗೂ ಕಂಡಿತು.

"ಮಿಸ್," ಎಂದು ಅವಳು ಬೆವರು ಒರೆಸಿಕೊಳ್ಳುತ್ತ ಓಡಿ ಬಂದಳು.

"ನಿನ್ನ ಹುಟ್ಟುಹಬ್ಬ ಯಾವತ್ತು ಮಾಡ್ತಾರೆ ಮನೇಲಿ?"

"ಜೂನ್ ಒಂದು ಮಿಸ್. ಮರ್ತೋಯ್ತಾ? ನಮ್ ಕ್ಲಾಸಲ್ಲಿ ಹನ್ನೊಂದ್ ಜನಕ್ಕೆ ಅವತ್ತೇ ಬರ್ತ್‌ಡೇ. ನೀವು ಎಲ್ರನ್ನೂ ಒಟ್ಟಿಗೆ ನಿಲ್ಲಿಸಿ ಪೆಪ್ಪರ್‌ಮೆಂಟ್ ಕೊಡ್ತಿದ್ರಿ." ಅವಳು ನಕ್ಕಳು. ಆಮೇಲೆ ಮುಖ ತಗ್ಗಿಸಿದಳು. "ತಾತ ಬಂದಿದ್ರಂತಲ್ಲ ಮಿಸ್, ಸಾರಿ. ಬೇಡ ಅಂತ ನಾನು ಬಡ್ಕೊಂಡೆ. ಕಾತ್ಯಾಯಿನಿ ಮಿಸ್ ಹತ್ರ ಅದೆಲ್ಲ ನಡಿಯಲ್ಲ, ಅವರೊಬ್ರೇ ಸುಳ್ಳು ಹೇಳ್ದಿರೋದು ಅಂದೆ. ನೀವು ಬೈದು ಕಳ್ಸಿದ್ರಿ ಅಂತ ಕೇಳಿ ಬೇಜಾರೂ ಆಯ್ತು, ಖುಷೀನೂ ಆಯ್ತು. ನಿಜವಾಗ್ಲೂ."

ಹೇಳಬೇಕಾಗಿದ್ದದ್ದು ಆಗಲೇ. ನಾನೇ ಸುಳ್ಳು ಬರೆದವಳು, ನಿನಗಿನ್ನೂ ಹತ್ತೊಂಬತ್ತೇ, ನೀನು ಹೋಗು ಎಂದು ಎರಡು ವಾಕ್ಯ. ಆದರೆ ಹುಡುಗಿ ಅಷ್ಟು ಭಕ್ತಿಯಿಂದ ನೋಡುತ್ತಿದ್ದಳು. ನಿವೃತ್ತಿಯಾದ ಮೇಲೆ ಯಾರೂ ಅವರನ್ನು ಹಾಗೆ ನೋಡಿರಲಿಲ್ಲ. "ಚೆನ್ನಾಗಿ ಓಡು. ನಾನು ನೋಡ್ತೀನಿ," ಎಂದಷ್ಟೇ ಹೇಳಿ ಅವರು ತಟ್ಟೆಗಳನ್ನು ದಾಟಿಕೊಂಡು ಹೊರಗೆ ಬಂದರು. ಅಥ್ಲೆಟಿಕ್ ಸಂಘಕ್ಕೆ ಒಂದು ಕಾಗದ ಕೊಟ್ಟು ಅದರಲ್ಲಿ ಎಲ್ಲವನ್ನೂ ಬರೆದುಬಿಟ್ಟರೆ ಅವಳಿಗೆ ಹೇಗೂ ತಿಳಿಯುತ್ತದೆ ಎಂದು ಆಟೋದಲ್ಲಿ ಸಮಾಧಾನ ಮಾಡಿಕೊಂಡರು. ಎಷ್ಟು ನಾಜೂಕಿನ ಹೇಡಿತನ ಅದು.

ಬರೆಯಲು ಎರಡು ದಿನ ಹಿಡಿಯಿತು. ಬದರಿನಾಥರು ಹಿಂದೆ ಮುಂದೆ ಅಡ್ಡಾಡಿದರು. "ಪೆನ್ಷನ್ನಿಗೆ ಏನಾದ್ರೂ ತೊಂದ್ರೆ ಮಾಡಿದ್ರೆ? ಹುಡುಗಿ ಹೋಗ್ದಿದ್ರೆ ಆಕಾಶ ಏನು ಬೀಳಲ್ಲ. ಸುಮ್ನಿರು."

"ಸುಮ್ನೆ ಇದ್ದದ್ದೇ ಹೇಸಿಗೆ," ಎಂದರು ಕಾತ್ಯಾಯಿನಿ.

ಏನನ್ನೂ ಮುಚ್ಚಿಡಲಿಲ್ಲ. ಇಪ್ಪತ್ತೈದನೆಯ ಮಗುವಿಗಾಗಿ ತಾವು ಪಟ್ಟ ಆಸೆಯನ್ನು ಬರೆದರು, ಸೊಣ್ಣಮ್ಮ ಹೇಳಿದ ಹೊಸತೊಡಕನ್ನು ಬರೆದರು, ಸೀದ ಸಾರನ್ನೂ ಬಿಡಲಿಲ್ಲ. ದಾಖಲೆಯಲ್ಲಿರುವ ತಾರೀಖು ಸುಳ್ಳು, ಅದನ್ನು ಬರೆದವಳು ನಾನು, ಇದಕ್ಕೆ ಯಾವ ಶಿಕ್ಷೆಯಾದರೂ ಒಪ್ಪಿಗೆ ಎಂದು ಕೊನೆಗೊಳಿಸಿ ಸಹಿ ಹಾಕಿದರು. ಪ್ರತಿ ತೆಗೆಸಿ, ಬನಶಂಕರಿಯಲ್ಲಿದ್ದ ಅಥ್ಲೆಟಿಕ್ ಸಂಘದ ಕಚೇರಿಗೆ ತಾವೇ ಹೋದರು.

ಕಾರ್ಯದರ್ಶಿ ಗೌರೀಶಂಕರ ಐವತ್ತರ ಆಸುಪಾಸಿನ ಮನುಷ್ಯ, ಒಂದು ಕಾಲದ ಶಾಟ್‌ಪುಟ್ ಆಟಗಾರ. ಟೇಬಲ್ಲಿನ ಮೇಲೆ ಎಣ್ಣೆ ಸೋರುವ ಪೊಟ್ಟಣದಲ್ಲಿ ಮದ್ದೂರು ವಡೆ ಇತ್ತು. ಅದೇ ಬೆರಳುಗಳಲ್ಲಿ ಕಾಗದ ಹಿಡಿದು ಓದಿದರು. ಮೊದಲ ಪುಟ ಮುಗಿಯುವ ಹೊತ್ತಿಗೆ ಮುಖದಲ್ಲಿ ನಗು ಮೂಡಿತು, ಎರಡನೆಯ ಪುಟಕ್ಕೆ ತಲೆದೂಗತೊಡಗಿದರು. ಕಾತ್ಯಾಯಿನಿಯವರು ಕೈ ಕಟ್ಟಿ ಕುಳಿತಿದ್ದರು, ಬೈಗುಳಕ್ಕೆ ಸಿದ್ಧರಾಗಿ.

"ಸಖತ್ತಾಗಿ ಬರ್ದಿದೀರ ಮೇಡಂ," ಎಂದರು ಗೌರೀಶಂಕರ. "ಸುಮ್ನೆ ಹೇಳ್ತಿಲ್ಲ."

ಕೆಳಗಿನ ಡ್ರಾಯರ್ ಎಳೆದು ಒಂದು ಕಟ್ಟು ಕಾಗದ ಹೊರತೆಗೆದರು. ಎಲ್ಲವೂ ನಿವೃತ್ತ ಮುಖ್ಯೋಪಾಧ್ಯಾಯರ ಪತ್ರಗಳು. ಅಂದಿನ ಪದ್ಧತಿಯಂತೆ ವಯಸ್ಸು ಹೆಚ್ಚಿಸಿ ಬರೆಯಲಾಗಿತ್ತು, ಕಣ್ತಪ್ಪಿನಿಂದ ವರ್ಷ ತಪ್ಪಾಗಿತ್ತು, ಈ ಮೂಲಕ ದೃಢೀಕರಿಸುತ್ತೇನೆ. "ಈ ವರ್ಷ ಇದು ಹದಿನೇಳನೇದು. ಎಲ್ಲ ಒಂದೇ ಸೈಬರ್ ಸೆಂಟರಲ್ಲಿ ಟೈಪ್ ಮಾಡ್ಸಿರ್ತಾರೆ, ಓದಿದ್ರೆ ವಾಂತಿ ಬರತ್ತೆ. ಮೇಲಿನೋರು ಅನುಮಾನ ಪಡ್ತಾರೆ. ನಿಮ್ದು ಹಂಗಲ್ಲ. ಕೈಬರಹ. ಮಟನ್ ಸಾರು ಸೀದಿದ್ದು ಇದ್ಯಲ್ಲ, ಅದನ್ನ ಯಾರೂ ಸುಳ್ಳು ಅನ್ನಲ್ಲ. ಆಮೇಲೆ ತಪ್ಪು ನಂದೇ, ಶಿಕ್ಷೆ ಕೊಡಿ ಅಂದಿದೀರ. ಯಾವ ಮೇಷ್ಟ್ರಿಗೂ ಈ ಐಡಿಯಾ ಹೊಳೆದಿರ್ಲಿಲ್ಲ."

"ಅದು ನಿಜ," ಎಂದರು ಕಾತ್ಯಾಯಿನಿ. "ಒಂದೊಂದಕ್ಷರಾನೂ ನಿಜ."

"ನಿಜಾನೇ ಮೇಡಂ. ಸುಳ್ಳು ಅಂದವ್ರು ಯಾರು?" ಅವರು ಕಣ್ಣು ಕಿರಿದು ಮಾಡಿ ಕರುಣೆಯಿಂದ ನಕ್ಕರು. "ಈ ವಯಸ್ಸಿಗೆ ಮೂಳೆ ಎಕ್ಸ್‌ರೇ ತೆಗೆದ್ರೂ ಏನೂ ತಿಳಿಯಲ್ಲ. ಆದ್ದರಿಂದ ಇದು ನಡಿಯತ್ತೆ, ನಾನು ಶಿಫಾರಸು ಹಾಕ್ತೀನಿ. ಒಂದ್ ಮಾತು. ಇನ್ನಿಬ್ರು ಹುಡುಗ್ರಿದಾರೆ, ಒಬ್ಬ ಜಾವೆಲಿನ್ನು. ಹಿಂಗೇ ಒಂದೊಂದು ಬರ್ಕೊಟ್ರೆ ನಿಮ್ಗೂ ಗೌರವವಾಗಿ ನೋಡ್ಕೋತಾರೆ. ಅವರಿಗೆ ಮಟನ್ ಬೇಡ, ಬೇರೆ ಏನಾದ್ರೂ ಹಾಕಿ."

ಕಾತ್ಯಾಯಿನಿಯವರಿಗೆ ಎದ್ದು ಹೋಗಿ ಕೈ ತೊಳೆದುಕೊಳ್ಳಬೇಕೆನಿಸಿತು. ತಾವು ಎರಡು ರಾತ್ರಿ ನಿದ್ದೆಗೆಟ್ಟು ಬರೆದ ತಪ್ಪೊಪ್ಪಿಗೆಗೆ ಈ ಮನುಷ್ಯ ಅಂಕ ಕೊಡುತ್ತಿದ್ದಾನೆ. ಕೈ ಚಾಚಿ ಕಾಗದ ಹಿಡಿದರು, ಎಳೆದುಕೊಳ್ಳಲೆಂದೇ ಹಿಡಿದರು. ಎಳೆದುಕೊಂಡರೆ ಅವರ ಮರ್ಯಾದೆ ಉಳಿಯುತ್ತಿತ್ತು, ಹುಡುಗಿ ಮನೆಯಲ್ಲಿ ಉಳಿಯುತ್ತಿದ್ದಳು. ಹುಡುಗಿಯನ್ನು ಕಳಿಸಲು ಇದ್ದ ಒಂದೇ ಬಾಗಿಲಿನಲ್ಲಿ ನಿಜವೂ ಸುಳ್ಳಿನ ಟಿಕೆಟ್ಟು ಹಿಡಿದೇ ಒಳಗೆ ಹೋಗಬೇಕಿತ್ತು. ಕಾಗದದಿಂದ ಕೈ ತೆಗೆದರು. ಗೌರೀಶಂಕರ ಪುಟಗಳ ಮೇಲೆ ಸಂಘದ ಮೊಹರು ಒತ್ತಿದರು. ಸೀದ ಸಾರಿನ ಸಾಲಿನ ಮೇಲೆ ಬೆರಳಿನ ಎಣ್ಣೆ ಹತ್ತಿತ್ತು.

ಆಮೇಲೆ ಎಲ್ಲವೂ ಸರಾಗ. ಸಂಘದ ಶಿಫಾರಸು, ನ್ಯಾಯಾಲಯದ ಒಂದು ಆದೇಶ, ಚಿಕ್ಕಬೈರಪ್ಪನವರ ಓಡಾಟ. ಹೊಸ ಪಾಸ್‌ಪೋರ್ಟ್ ಬಂದ ದಿನ ಅವರು ಫೋನ್ ಮಾಡಿ, "ಮೇಡಂ, ಅವತ್ತು ಬೈದಿದ್ದು ನೋಡಿ ನಾನು ಹೆದ್ರಿದ್ದೆ. ದೊಡ್ ಮನಸ್ ನಿಮ್ದು. ಕಥೆ ಸೂಪರ್," ಎಂದರು. ಕಾತ್ಯಾಯಿನಿಯವರು, ಅದು ಕಥೆಯಲ್ಲ, ನಿಮ್ಮ ಹೆಂಡತಿಯೇ ಹೇಳಿದ್ದು ಎಂದರು. ಚಿಕ್ಕಬೈರಪ್ಪ ಜೋರಾಗಿ ನಕ್ಕರು. ಸೊಣ್ಣಮ್ಮ ತೀರಿಕೊಂಡು ಆರು ವರ್ಷವಾಗಿತ್ತು, ಹೆರಿಗೆಯ ದಿನ ಅವರು ತೋಪಿನಲ್ಲಿ ಎಲೆ ಆಡುತ್ತಿದ್ದವರು, ಯಾವ ವರ್ಷದ ಹೊಸತೊಡಕು ಎಂದು ಅವರಿಗೆ ನೆನಪಿರಲಿಲ್ಲ. "ಅವ್ಳಿದ್ದಿದ್ರೆ ಅವ್ಳೂ ಹಂಗೇ ಹೇಳ್ತಿದ್ಲು ಬಿಡಿ," ಎಂದು ಫೋನ್ ಇಟ್ಟರು.

ಹೇಮಶ್ರೀಯನ್ನು ಅಷ್ಟರಲ್ಲಿ ದೂರದ ತರಬೇತಿ ಶಿಬಿರಕ್ಕೆ ಕರೆದುಕೊಂಡು ಹೋಗಿದ್ದರು. ಸಂಜೆ ಅರ್ಧ ಗಂಟೆ ಮಾತ್ರ ಫೋನ್ ಕೊಡುತ್ತಿದ್ದರಂತೆ. ಇಂಥ ಮಾತು ಫೋನಿನಲ್ಲಿ ಆಡುವುದಲ್ಲ, ಎದುರಿಗೆ ಕೂರಿಸಿಕೊಂಡು ಹೇಳಬೇಕು ಎಂದು ಕಾತ್ಯಾಯಿನಿಯವರು ದಿನ ದೂಡಿದರು. ಜುಲೈ ಕೊನೆಯಲ್ಲಿ ಜೆ.ಪಿ. ನಗರದ ವೃತ್ತದಲ್ಲಿ ಹುಡುಗಿಯ ಫ್ಲೆಕ್ಸ್ ಎದ್ದಿತು. ಅವಳ ಸುತ್ತ ಹದಿನಾರು ಗಂಡಸರ ಮುಖಗಳು, ಒಬ್ಬನೂ ಬಸ್ಸಿಗೆ ಕೂಡ ಓಡಿದವನಲ್ಲ. ಅವಳು ಶಿಬಿರದಿಂದಲೇ ವಿಮಾನ ಹತ್ತಿದಳು.

ಮೊದಲ ಸುತ್ತಿನ ಹೀಟ್ಸ್‌ನಲ್ಲೇ ಸೋತಳು ಎಂದು ಬದರಿನಾಥರು ಮೊಬೈಲಿನಲ್ಲಿ ನೋಡಿ ಹೇಳಿದರು. ಏಳನೆಯ ಹರ್ಡಲ್‌ಗೆ ಕಾಲು ತಗುಲಿ ಬಿದ್ದು, ಎದ್ದು, ಕೊನೆಯವಳಾಗಿ ಗುರಿ ಮುಟ್ಟಿದಳಂತೆ. ಎರಡೇ ದಿನದಲ್ಲಿ ವೃತ್ತದ ಫ್ಲೆಕ್ಸ್ ಹರಿದು ಅಲ್ಲಿ ಸೈಟ್ ಮಾರಾಟದ ಬೋರ್ಡು ಬಂತು.

ಅವಳು ಬಂದದ್ದು ಮುಂದಿನ ವಾರ, ಒಬ್ಬಳೇ, ಸ್ಕೂಟರಿನಲ್ಲಿ. ಮಂಡಿಗೆ ಪಟ್ಟಿ ಸುತ್ತಿತ್ತು. ಕಾತ್ಯಾಯಿನಿಯವರು ಅವಳನ್ನು ಹಜಾರದಲ್ಲಿ ಕೂರಿಸಿ ಕಾಫಿ ಕೊಟ್ಟರು. ಹುಡುಗಿ ಲೋಟವನ್ನು ಕೈಯಲ್ಲಿ ತಿರುಗಿಸಿದಳು.

"ಓಡೋಕೆ ಮುಂಚೆ ಎಲ್ರನ್ನೂ ಒಂದು ರೂಮಲ್ಲಿ ಕೂರಿಸ್ತಾರೆ ಮಿಸ್," ಎಂದಳು. "ನನ್ ಪಕ್ಕದ ಲೇನ್ ಹುಡುಗಿ ಜಮೈಕಾದವಳು. ಹದಿನೇಳು ಅಂದ್ಲು, ನಿಂಗೆಷ್ಟು ಅಂತ ಕೇಳಿದ್ಲು. ತಾತ ಹೇಳ್ಕೊಟ್ಟಿದ್ದು ಬಾಯಿಪಾಠ ಇತ್ತು, ಹತ್ತೊಂಬತ್ತು ಅಂತ. ಬಾಯಿಗೆ ಬರ್ಲೇ ಇಲ್ಲ. ಓಡೋವಾಗ ಅವಳು ಪಕ್ಕದಲ್ಲಿದ್ಲು, ಚಿಕ್ಕ ಹುಡುಗಿ ಜೊತೆ ಮೋಸ ಮಾಡ್ತಿದೀನಿ ಅಂತ ಅದೇ ತಲೇಲಿ ತಿರುಗ್ತಿತ್ತು. ಹೆಜ್ಜೆ ಲೆಕ್ಕ ತಪ್ಪೋಯ್ತು."

ಕಾತ್ಯಾಯಿನಿಯವರು ಕುರ್ಚಿಯನ್ನು ಅವಳ ಎದುರಿಗೆ ಎಳೆದುಕೊಂಡು ಕುಳಿತರು. "ಹೇಮಾ, ಇಲ್ಲಿ ಕೇಳು. ನೀನು ಮೋಸ ಮಾಡ್ಲಿಲ್ಲ. ನಿಂಗೆ ಹತ್ತೊಂಬತ್ತೇ. ನಿನ್ನನ್ನ ಸ್ಕೂಲಿಗೆ ಸೇರಿಸ್ಕೊಳ್ಳೋವಾಗ ಸುಳ್ಳು ತಾರೀಖು ಬರ್ದವಳು ನಾನು. ಈಗ ಕೊಟ್ಟ ಕಾಗದವೇ ನಿಜ. ನಿಮ್ಮಜ್ಜಿ ನನ್ನ ಮುಂದೆ ಕೂತು ಹೇಳಿದ್ದು."

ಹುಡುಗಿ ಅವರನ್ನು ನೋಡಿದಳು. ಮೈದಾನದಲ್ಲಿ ಕಂಡಿದ್ದ ಭಕ್ತಿ ಆ ಕಣ್ಣಲ್ಲಿರಲಿಲ್ಲ. ಸಿಟ್ಟೂ ಇರಲಿಲ್ಲ, ವಯಸ್ಸಾದವರ ಮೇಲಿನ ಒಂದು ಅಕ್ಕರೆ ಮಾತ್ರ ಇತ್ತು. ಅವಳು ಲೋಟ ಕೆಳಗಿಟ್ಟು ಅವರ ಕೈ ಹಿಡಿದುಕೊಂಡಳು.

"ಗೊತ್ತು ಮಿಸ್. ನೀವು ಯಾರಿಗೂ ಸುಳ್ಳು ಹೇಳ್ದೋರಲ್ಲ, ನಂಗೋಸ್ಕರ ಹೇಳಿದ್ರಿ. ನಾನು ಅದನ್ನೂ ವೇಸ್ಟ್ ಮಾಡ್ಬಿಟ್ಟೆ. ಅದಕ್ಕೇ ಸಾರಿ ಕೇಳೋಣ ಅಂತ ಬಂದೆ."

"ಅಲ್ಲ ಹೇಮಾ, ನಿಜವಾಗ್ಲೂ..."

"ಬಿಡಿ ಮಿಸ್," ಎಂದಳು ಹೇಮಶ್ರೀ, ಮೆಲ್ಲಗೆ. "ಎಲ್ಲ ಮುಗೀತಲ್ಲ. ಇನ್ಮೇಲೆ ಯಾರೂ ಕೇಳಲ್ಲ."